ವಲ್ಲಾರ್ಪಾಡದ ಡ್ರಮ್ಮರ್ ಮತ್ತು ನನ್ನ ಟೇಪು

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಫೋರ್ಟ್ ಕೊಚ್ಚಿಯ ಕ್ಲಬ್ಬಿನ ಮರದ ನೆಲದ ಮೇಲೆ ಬೋರಿಕ್ ಪುಡಿ ಉದುರಿಸುತ್ತಿದ್ದರು, ಕುಣಿಯುವವರ ಬೂಟು ಸಲೀಸಾಗಿ ಜಾರಲಿ ಎಂದು. ಪಡುವಣ ಕಿಟಕಿಗಳಿಂದ ಸಮುದ್ರದ ಕಡೆಯ ಬಿಸಿಲು ಒಳಗೆ ಬೀಳುತ್ತಿತ್ತು. ಮೊದಲ ಜೋಡಿ ನೆಲಕ್ಕಿಳಿದ ಕೂಡಲೇ ಆ ಪುಡಿ ಮೆಲ್ಲನೆ ಎದ್ದು ಬಿಸಿಲಿನಲ್ಲಿ ನಿಂತುಬಿಡುತ್ತಿತ್ತು. ಐದು ಗಂಟೆಯ ಹೊತ್ತಿಗೆ ಎಲ್ಲರ ಪಾದಗಳೂ ಬಿಳಿಯ ಮಂಜಿನಲ್ಲಿ ಮುಳುಗಿ, ಜನ ನೆಲ ಮುಟ್ಟದೆ ತೇಲುತ್ತಿದ್ದಾರೇನೋ ಅನ್ನಿಸುತ್ತಿತ್ತು. ವೇದಿಕೆಯ ಪಕ್ಕದಲ್ಲಿ, ನಾನೇ ಕೈಯಾರೆ ಜೋಡಿಸಿದ ಎರಡು ಆಂಪ್ಲಿಫೈಯರುಗಳ ನಡುವೆ ನಾನು ಕೂತಿರುತ್ತಿದ್ದೆ. ಕಾದ ವಾಲ್ವುಗಳ ಕಿತ್ತಳೆ ಬೆಳಕು ನನ್ನ ಮುಂಗೈ ಮೇಲೆ ಬೀಳುತ್ತಿತ್ತು. ಇಷ್ಟು ವರ್ಷಗಳ ಮೇಲೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ಆ ಹಾಲ್ ಬರುತ್ತದೆ. ಅದರ ಹಿಂದೆಯೇ ನಾನು ಮಾಡಿದ ಕೆಲಸವೂ ಬರುತ್ತದೆ.

ನಾನು ಕಾಸರಗೋಡಿನ ಕಡೆಯವನು. ಬ್ಯಾಂಕಿನಲ್ಲಿದ್ದ ಸೋದರಮಾವನಿಗೆ ಎರ್ನಾಕುಳಂಗೆ ವರ್ಗವಾದಾಗ, ಹೈಸ್ಕೂಲು ಮುಗಿಸಿದ್ದ ನಾನೂ ಜೊತೆಗೆ ಬಂದು ಪಾಲಾರಿವಟ್ಟಂ ಜಂಕ್ಷನ್ನಿನ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಆ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಬ್ಯಾಂಡಿನವರು ಮೊದಲು ಒಂದು ಕೆಟ್ಟ ಸ್ಪೀಕರ್ ಹಿಡಿದುಕೊಂಡು ಬಂದರು. ಅದನ್ನು ಸರಿಮಾಡಿಕೊಟ್ಟೆ, ಮುಂದಿನ ವಾರ ಅವರ ಜೊತೆ ಹೋದೆ, ಆಮೇಲೆ ಪ್ರತಿ ಭಾನುವಾರ ಹೋದೆ. ಅರವತ್ತರ ದಶಕದ ಕೊನೆಯ ವರ್ಷಗಳು ಅವು.

ಬ್ಯಾಂಡಿನಲ್ಲಿ ನಾಲ್ಕು ಜನ. ಗಿಟಾರ್ ಬಾರಿಸುವ ಆಂಗ್ಲೋ ಇಂಡಿಯನ್ ತರುಣ ಲೀಡರ್. ಅವನ ತಂಗಿ ಹಾಡುಗಾರ್ತಿ. ಬೇಸ್ ಗಿಟಾರಿಗೆ ಹಡಗು ಕಂಪನಿಯ ಒಬ್ಬ ಗುಮಾಸ್ತ. ಡ್ರಮ್ಮಿಗೆ ವಲ್ಲಾರ್ಪಾಡಂ ದ್ವೀಪದಿಂದ ದೋಣಿಯಲ್ಲಿ ಬರುತ್ತಿದ್ದ ಒಬ್ಬರು. ಅವರಿಗೆ ನಲವತ್ತರ ಹತ್ತಿರ, ನಮ್ಮೆಲ್ಲರಿಗಿಂತ ದೊಡ್ಡವರು. ವಾರವಿಡೀ ದೋಣಿ ಕಟ್ಟುವ ಕಟ್ಟೆಯಲ್ಲಿ ಕೆಲಸ. ನಾನು ಅವರನ್ನು ಚೇಟ್ಟಾ, ಅಂದರೆ ಅಣ್ಣಾ, ಎನ್ನುತ್ತಿದ್ದೆ. ಅವರು ನನ್ನನ್ನು ಆಶಾನೇ ಎನ್ನುತ್ತಿದ್ದರು. ಆಶಾನ್ ಎಂದರೆ ಗುರು. ಇಪ್ಪತ್ತೆರಡರ ಹುಡುಗನನ್ನು ಹಾಗೆ ಕರೆಯುವುದು ತಮಾಷೆಗೆ. ಆದರೆ ನಿಜವಾದ ಆಶಾನ್ ಅವರ ಅಪ್ಪ. ಅಲ್ಲಿನ ಕ್ರಿಶ್ಚಿಯನ್ನರಲ್ಲಿ ಚವಿಟ್ಟುನಾಟಕ ಎಂಬುದೊಂದಿದೆ. ರಾಜರ ವೇಷ ಹಾಕಿ, ಹಲಗೆಯ ರಂಗದ ಮೇಲೆ ಹಿಮ್ಮಡಿಯಿಂದ ಒದೆದು ಒದೆದು ಆಡುವ ಆಟ. ಅಪ್ಪ ಅದನ್ನು ಕಲಿಸುತ್ತಿದ್ದರು. ಮಗ ತಾಳವನ್ನು ಕೈಗಿಂತ ಮೊದಲು ಹಿಮ್ಮಡಿಯಲ್ಲಿ ಕಲಿತಿದ್ದರು.

ಉಳಿದ ಬ್ಯಾಂಡುಗಳಿಂದ ನಮ್ಮ ಬ್ಯಾಂಡನ್ನು ಬೇರೆ ಮಾಡಿದ್ದು ಇದೇ. ಎಲ್ಲರೂ ರೇಡಿಯೋದಲ್ಲಿ ಕೇಳಿದ ವಿಲಾಯಿತಿ ಹಾಡುಗಳನ್ನೇ ನುಡಿಸುತ್ತಿದ್ದರು. ನಮ್ಮವರೂ ನುಡಿಸುತ್ತಿದ್ದರು, ಆದರೆ ಕೆಳಗೆ ಚೇಟ್ಟನ ಕಾಲು ಟ್ವಿಸ್ಟನ್ನೂ ಚಾ ಚಾ ಚಾವನ್ನೂ ಆ ಹಲಗೆಯ ಒದೆತದೊಂದಿಗೆ ಕಲಸಿ ಬೇರೆಯೇ ಏನನ್ನೋ ಮಾಡುತ್ತಿತ್ತು. ಅವರು ಲೀಡರನ್ನು ನೋಡುತ್ತಿರಲಿಲ್ಲ. ಕುಣಿಯುವವರ ಬೂಟುಗಳನ್ನು ನೋಡುತ್ತಿದ್ದರು. ಮುದಿ ದಂಪತಿ ನೆಲಕ್ಕಿಳಿದರೆ ಮುಂದಿನ ಹಾಡು ಅವರಿಗೆ ಬೇಕಾದ ಓಟದಲ್ಲಿ ಶುರುವಾಗುತ್ತಿತ್ತು. ಒಮ್ಮೆ ಶುರುವಾದರೆ ಮುಗಿಯುವವರೆಗೂ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಅವರ ಹೆಂಡತಿ, ನಾವು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದವರು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ವೇದಿಕೆಯ ಬದಿಯ ಬೆಂಚಿನಲ್ಲಿ ಇರುತ್ತಿದ್ದರು. ಕೊನೆಯ ಹಾಡಿಗೆ ಮಾತ್ರ ಮಗುವನ್ನು ನನ್ನ ಕೈಗೆ ಕೊಟ್ಟು, ಅಲ್ಲೇ ಮೂಲೆಯಲ್ಲಿ ಒಬ್ಬರೇ ನಾಲ್ಕು ಹೆಜ್ಜೆ ಹಾಕುತ್ತಿದ್ದರು.

ಅಷ್ಟರಲ್ಲಿ ಮದರಾಸಿನ ಒಂದು ರೆಕಾರ್ಡ್ ಕಂಪನಿ ಕೇರಳದಿಂದ ಒಂದು ಬ್ಯಾಂಡನ್ನು ಆರಿಸಿಕೊಳ್ಳಲಿದೆ ಎಂಬ ಸುದ್ದಿ ಬಂತು. ಮೊದಲು ನಾಲ್ಕು ಸ್ವಂತ ಹಾಡುಗಳ ಟೇಪು ಕಳಿಸಬೇಕು. ಹಿಡಿಸಿದರೆ ಅವರ ಜನ ತಿರುವನಂತಪುರಕ್ಕೆ ಬಂದು ಅಲ್ಲೇ ರೆಕಾರ್ಡ್ ಮಾಡುತ್ತಾರೆ. ಟೇಪು ಮಾಡುವ ಕೆಲಸ ನನ್ನದಾಯಿತು.

ಬಂದರಿನ ಹತ್ತಿರ ಕಾಳುಮೆಣಸು ತುಂಬಿಡುತ್ತಿದ್ದ ಹಳೆಯ ಗೋದಾಮಿನಲ್ಲಿ ಅವರು ಅಭ್ಯಾಸ ಮಾಡುತ್ತಿದ್ದರು. ಅಲ್ಲೇ ಏರ್ಪಾಟು ಮಾಡಿದೆ. ಗೋಡೆಗಳಿಂದ ಸದ್ದು ಹಿಂದಕ್ಕೆ ಬರದಂತೆ ಖಾಲಿ ಗೋಣಿಚೀಲ ತೂಗುಹಾಕಿದೆ. ದೊಡ್ಡ ಡ್ರಮ್ಮಿನೊಳಗೆ ಹಳೆಯ ಕಂಬಳಿ ತುರುಕಿದೆ. ಎರಡೇ ಮೈಕು: ಒಂದು ಹಾಡುಗಾರ್ತಿಗೆ, ಇನ್ನೊಂದು ಉಳಿದವರ ನಡುವೆ ಮೊಣಕಾಲೆತ್ತರದಲ್ಲಿ. ಅಂಗಡಿಯ ಟೇಪ್ ರೆಕಾರ್ಡರನ್ನು ಕರೆಂಟಿಗೆ ಹಚ್ಚಿದರೆ ಗುಂಯ್ ಎನ್ನುವ ಸದ್ದೊಂದು ಟೇಪಿನ ಮೇಲೆ ಬೀಳುತ್ತಿತ್ತು. ಎರಡು ದಿನ ತಂತಿಗಳನ್ನು ಅತ್ತಿತ್ತ ಸರಿಸಿ ನೋಡಿದರೂ ಹೋಗಲಿಲ್ಲ. ಕೊನೆಗೆ ಸೆಲ್ಲುಗಳ ಮೇಲೆ ನಡೆಸುವುದೆಂದು ತೀರ್ಮಾನಿಸಿದೆ. ಗುಂಯ್ ಹೋಯಿತು. ಎಲ್ಲರೂ ಮೆಚ್ಚಿದರು.

ಸೆಲ್ಲಿನ ಮೇಲೆ ನಡೆಸುವಾಗ ಒಂದು ನಿಯಮ ಉಂಟು. ಮಿಷನ್ನಿನ ಮುಂಭಾಗದಲ್ಲಿ ಸಣ್ಣ ಮುಳ್ಳೊಂದಿರುತ್ತದೆ. ಅದು ಕೆಂಪು ಗೆರೆಗೆ ಬರುವ ಮೊದಲೇ ಸೆಲ್ಲು ಬದಲಿಸಬೇಕು. ಹೊಸ ಸೆಲ್ಲುಗಳು ನನ್ನ ಚೀಲದಲ್ಲೇ ಇದ್ದವು. ಎರಡು ಸಲ ಹಾಡಿ ನೋಡಿ, ಮೂರನೆಯ ಸಲ ಶುರುಮಾಡಿದಾಗ ಸಂಜೆ ಐದು ಗಂಟೆ. ಬಾಗಿಲ ಸಂದಿನಿಂದ ನೀರಿನ ಮೇಲಿನ ಬೆಳಕು ಬಂದು ಗೋಣಿಗಳ ಮೇಲೆ ಅಲುಗಾಡುತ್ತಿತ್ತು. ಮೊದಲ ಹಾಡಿನಲ್ಲೇ ಗೊತ್ತಾಯಿತು, ಕಳಿಸಬೇಕಾದದ್ದು ಈ ಸಲದ್ದೇ ಎಂದು. ಲೀಡರ್ ನಿಲ್ಲಿಸಲಿಲ್ಲ, ಎರಡನೆಯದಕ್ಕೆ, ಮೂರನೆಯದಕ್ಕೆ ಹಾಗೇ ದಾಟಿದ. ಹುಡುಗಿಯ ದನಿ ಮೆಣಸಿನ ವಾಸನೆಯ ಆ ಕತ್ತಲಲ್ಲಿ ಹೊಗೆಯಂತೆ ಏರುತ್ತಿತ್ತು, ಕೆಳಗೆ ಚೇಟ್ಟನ ಕಾಲು. ನಾನು ಕಣ್ಣು ಮುಚ್ಚಿದೆ. ಅಷ್ಟು ಸುಖವಾಗಿ ನಾನು ಯಾವ ಸಂಗೀತವನ್ನೂ ಕೇಳಿಲ್ಲ. ನಾಲ್ಕನೆಯ ಹಾಡು ಮುಗಿದ ಮೇಲೆ ಕಣ್ಣು ಬಿಟ್ಟೆ. ಮುಳ್ಳು ಕೆಂಪಿನಲ್ಲಿತ್ತು.

ಸುರುಳಿ ತಿರುಗುತ್ತಲೇ ಇತ್ತಲ್ಲ ಎಂದುಕೊಂಡೆ. ಮರುದಿನ ಅಂಗಡಿಯಲ್ಲಿ ಹೊಸ ಸೆಲ್ಲು ಹಾಕಿ ಮೊದಲ ಹಾಡನ್ನು ಮಾತ್ರ ಕೇಳಿ ನೋಡಿದೆ. ಚೆನ್ನಾಗಿತ್ತು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.

ತಿಂಗಳೊಳಗೆ ಟೇಪು ಹಿಂದಕ್ಕೆ ಬಂತು, ಜೊತೆಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಕಾಗದ. ಹಾಡುಗಳು ಚೆನ್ನಾಗಿವೆ, ಹಾಡುಗಾರ್ತಿ ಚೆನ್ನಾಗಿದ್ದಾಳೆ, ಆದರೆ ಡ್ರಮ್ಮರ್ ತಾಳ ಕಾಯುವುದಿಲ್ಲ. ಹಾಡಿನಿಂದ ಹಾಡಿಗೆ ಓಡುತ್ತಾನೆ, ಬೇರೊಬ್ಬನನ್ನು ಕರೆತರುವುದಾದರೆ ತಿರುವನಂತಪುರಕ್ಕೆ ಬನ್ನಿ ಎಂದು ಬರೆದಿತ್ತು. ಗೋದಾಮಿನಲ್ಲಿ ಎಲ್ಲರೂ ಸೇರಿದರು. ಚೇಚಿಯೂ ಬಂದಿದ್ದರು. ಮಿಷನ್ನನ್ನು ಕರೆಂಟಿಗೆ ಹಚ್ಚಿ ಟೇಪು ಹಾಕಿದೆ. ಎರಡನೆಯ ಹಾಡಿನಲ್ಲಿ ಏನೋ ಅವಸರ. ಮೂರನೆಯದರಲ್ಲಿ ಮರೆಮಾಚಲು ಆಗದಷ್ಟು. ನಾಲ್ಕನೆಯದು ಓಡುತ್ತಲೇ ಇತ್ತು.

ಲೀಡರ್ ಗಿಟಾರ್ ಎತ್ತಿಕೊಂಡು ನಾಲ್ಕನೆಯ ಹಾಡಿನ ಜೊತೆ ನುಡಿಸಿ ನೋಡಿದ. ಸೇರಲಿಲ್ಲ. ಟೇಪು ಅರ್ಧ ಸ್ವರ ಮೇಲಿತ್ತು.

ಆ ಕ್ಷಣದಲ್ಲಿ ನನಗೆ ಎಲ್ಲವೂ ತಿಳಿಯಿತು. ಸೆಲ್ಲು ಇಳಿಯುತ್ತ ಬಂದಂತೆ ಮೋಟಾರು ನಿಧಾನವಾಗಿದೆ. ನಿಧಾನವಾಗಿ ಓಡಿದ ಟೇಪಿನ ಮೇಲೆ ಹಾಡು ಒತ್ತೊತ್ತಾಗಿ ಕೂತಿದೆ. ಈಗ ಸರಿಯಾದ ವೇಗದಲ್ಲಿ ಹಾಕಿದರೆ ತಾಳ ಓಡುತ್ತದೆ, ಸ್ವರ ಏರುತ್ತದೆ. ಡ್ರಮ್ಮರ್ ಓಡಿದ್ದರೆ ತಾಳ ಮಾತ್ರ ಓಡಬೇಕಿತ್ತು, ಸ್ವರ ಏರಬೇಕಿರಲಿಲ್ಲ. ರೇಡಿಯೋ ಅಂಗಡಿಯಲ್ಲಿ ಆರು ತಿಂಗಳು ಕೂತ ಯಾರಾದರೂ ಹೇಳಬಲ್ಲ ಸಂಗತಿ. ಲೀಡರ್ ನನ್ನ ಕಡೆ ನೋಡಿದ. ಅಂಚೆಯಲ್ಲಿ ಬಿಸಿಲಿಗೆ ಟೇಪು ಹಿಗ್ಗಿದೆ, ಅದಕ್ಕೇ ಸ್ವರ ಬೇರೆ ಬರುತ್ತದೆ ಎಂದೆ. ಹಿಗ್ಗಿದ ಟೇಪು ಸ್ವರವನ್ನು ಇಳಿಸೀತೇ ಹೊರತು ಏರಿಸುವುದಿಲ್ಲ. ಅಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಚೇಟ್ಟ ತಲೆ ಬಗ್ಗಿಸಿ ಕೇಳುತ್ತಿದ್ದರು. ಅವರ ಹಿಮ್ಮಡಿ ಸಿಮೆಂಟಿನ ಮೇಲೆ ಟೇಪಿನ ಜೊತೆ ಹೋಗಲು ನೋಡುತ್ತಿತ್ತು, ಹಿಂದೆ ಬೀಳುತ್ತಿತ್ತು, ಮತ್ತೆ ನೋಡುತ್ತಿತ್ತು. ಕೊನೆಗೆ ನಿಂತಿತು.

ಬಾಗಿಲ ಹತ್ತಿರ ನಿಂತಿದ್ದ ಚೇಚಿ, “ಇದು ಇವರ ತಾಳವಲ್ಲ” ಎಂದರು.

ಬೇಸಿನವನು ಮೆಲ್ಲಗೆ ನಕ್ಕ. “ಮತ್ತೆ ಯಾರದು ಚೇಚೀ, ನನ್ನದಾ?”

ಚೇಟ್ಟ ನಗಲಿಲ್ಲ. ನನ್ನನ್ನು ನೋಡಿ ಕೇಳಿದರು. “ಆಶಾನೇ, ನನಗೆ ಓಡಿದ ನೆನಪಿಲ್ಲ. ನಿನ್ನ ಪೆಟ್ಟಿಗೆ ಸುಳ್ಳು ಹೇಳುವುದುಂಟಾ?”

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

“ಇಲ್ಲ ಚೇಟ್ಟಾ” ಎಂದೆ. “ಅದು ಕೇಳಿದ್ದನ್ನು ಹೇಳ್ತದೆ, ಅಷ್ಟೆ.”

“ಹಾಗಾದರೆ ನನ್ನ ಕಾಲೇ ಸುಳ್ಳು ಹೇಳಿದೆ” ಎಂದು ಅವರು ಎದ್ದರು. ಡ್ರಮ್ಮುಗಳು ಲೀಡರನವು. ಕೋಲುಗಳೆರಡು ಮಾತ್ರ ಅವರವು. ಅವನ್ನೂ ಅಲ್ಲೇ ಸ್ಟೂಲಿನ ಮೇಲೆ ಇಟ್ಟು ಹೋದರು. ಜಗಳವಾಡಿದ್ದರೆ ನಾನು ಹೇಳಿಬಿಡುತ್ತಿದ್ದೆನೋ ಏನೋ. ಅವರು ನನ್ನನ್ನು ನಂಬಿಬಿಟ್ಟರು.

ಬದಲಿಗೆ ಎರ್ನಾಕುಳಂನ ಒಂದು ಹೋಟೆಲಿನಲ್ಲಿ ಬಾರಿಸುತ್ತಿದ್ದ ಡ್ರಮ್ಮರನನ್ನು ಗೊತ್ತುಮಾಡಿದರು. ಮೂರು ವಾರ ಅಭ್ಯಾಸವಾಯಿತು. ಆ ಮೂರು ವಾರವೂ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ.

ತಿರುವನಂತಪುರದಲ್ಲಿ ಉಳಿದವರು ಲಾಡ್ಜಿನಲ್ಲಿ ಇಳಿದರು. ನಾನು ಸೋದರಮಾವನ ಪರಿಚಯದ ಒಂದು ಮೈಸೂರಿನ ಕುಟುಂಬದ ಮನೆಗೆ ಹೋದೆ. ಆ ಮನೆಯ ಯಜಮಾನರು ರಾಕೆಟ್ಟಿನ ಕೆಲಸಕ್ಕೆಂದು ವರ್ಗವಾಗಿ ಬಂದ ವಿಜ್ಞಾನಿ. ರೆಕಾರ್ಡಿಂಗಿನ ದಿನ ಬೆಳಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಮಂಜು ಇನ್ನೂ ಕರಗಿರಲಿಲ್ಲ. ಅಂಗಳದ ತೆಂಗಿನ ಮರಗಳು ಅರ್ಧದಿಂದ ಮೇಲೆ ಮಾತ್ರ ಇದ್ದವು. ಅವರ ಹೆಂಡತಿ ಮಕ್ಕಳಿಗೆ ಕನ್ನಡದಲ್ಲಿ ಗದರುತ್ತಿದ್ದರು, ಮಕ್ಕಳು ಮಲಯಾಳದಲ್ಲಿ ಎದುರುತ್ತರ ಕೊಡುತ್ತಿದ್ದವು. ನಾನು ಬೇರೆ ಯಾರದ್ದೋ ಕತೆಯಂತೆ ಕೇಳಿದೆ: ಅಳತೆ ಮಾಡಿದ ಉಪಕರಣವೇ ತಪ್ಪಿತ್ತು ಅಂತ ಆಮೇಲೆ ಗೊತ್ತಾದರೆ ನಿಮ್ಮಲ್ಲಿ ಏನು ಮಾಡ್ತೀರಿ?

“ಮೊದಲು ಲಾಗ್ ಬುಕ್ಕಲ್ಲಿ ಬರೀಬೇಕಪ್ಪ” ಎಂದರು. “ಯಾಕೆ ತಪ್ಪಾಯ್ತು, ಯಾರ ತಪ್ಪು, ಅದೆಲ್ಲ ಆಮೇಲೆ. ಬರೀದೆ ಬಿಟ್ರೆ ಆ ತಪ್ಪು ಲೆಕ್ಕದ ಮೇಲೆ ಇನ್ನೊಬ್ಬರು ಇನ್ನೇನೋ ಕಟ್ತಾರೆ.”

“ಕಟ್ಟಿ ಆಗಿದ್ದರೆ?”

“ಆಗಿದ್ರೂ ಬರೀಬೇಕು” ಎಂದು ಅವರು ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

ಹತ್ತು ಗಂಟೆಗೆ ರೆಕಾರ್ಡಿಂಗು. ಲಾಡ್ಜಿಗೆ ಹೋಗಿ ಲೀಡರನಿಗೆ ಹೇಳಲು, ಅವನು ಕಂಪನಿಯವರಿಗೆ ಹೇಳಿ ಒಂದು ದಿನ ಕೇಳಲು, ಕೊಚ್ಚಿಗೆ ಫೋನ್ ಮಾಡಿಸಿ ಚೇಟ್ಟನನ್ನು ಕರೆಸಲು ಸಮಯವಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮಲಯಾಳದಲ್ಲಿ ಜೋಡಿಸಿಕೊಂಡು ನಡೆದೆ. ರೆಕಾರ್ಡಿಂಗ್ ಹಾಲ್‌ನ ಬಾಗಿಲಲ್ಲಿ ಕಂಪನಿಯ ರೆಕಾರ್ಡಿಂಗ್ ಎಂಜಿನಿಯರ್ ನಿಂತಿದ್ದರು. ಲೀಡರ್ ನನ್ನ ಭುಜದ ಮೇಲೆ ಕೈ ಹಾಕಿ, “ಇವನೇ ನಮ್ಮ ಸೌಂಡ್ ಎಂಜಿನಿಯರ್” ಎಂದು ಪರಿಚಯಿಸಿದ. ಅವರು ನನ್ನ ಕೈ ಕುಲುಕಿದರು. ಜೋಡಿಸಿಕೊಂಡಿದ್ದ ಮಾತು ಅಲ್ಲಿಗೆ ಹೋಯಿತು.

ಆ ದಿನದ ರೆಕಾರ್ಡಿಂಗಿನಲ್ಲಿ ಒಂದೂ ತಪ್ಪಿರಲಿಲ್ಲ. ಹೊಸ ಡ್ರಮ್ಮರ್ ಗಡಿಯಾರದಂತೆ ಬಾರಿಸಿದ. ಎಂಜಿನಿಯರ್ ಸ್ಟಾಪ್‌ವಾಚ್ ಹಿಡಿದು ತಲೆದೂಗಿದರು. ಗಾಜಿನಾಚೆ ನಿಂತು ಕೇಳುತ್ತಿದ್ದ ನನಗೆ, ಎಲ್ಲವೂ ಇದ್ದು ಕೆಳಗಿನ ನೆಲವನ್ನು ಯಾರೋ ಮೆಲ್ಲಗೆ ತೆಗೆದುಬಿಟ್ಟಂತೆ ಕೇಳಿಸಿತು. ಹಾಡುಗಾರ್ತಿ ನಡುನಡುವೆ ಎಡಕ್ಕೆ ತಿರುಗಿ ಡ್ರಮ್ಮಿನ ಕಡೆ ನೋಡುತ್ತಿದ್ದಳು, ಯಾರನ್ನೋ ಹುಡುಕುವವಳ ಹಾಗೆ.

ರೆಕಾರ್ಡು ಬಂತು. ಎರಡು ಹಾಡು. ಕ್ಲಬ್ಬಿನಲ್ಲಿ ಹಾಕಿದರು, ಜನ ಚಪ್ಪಾಳೆ ತಟ್ಟಿದರು. ಕುಣಿಯಲು ಎದ್ದವರು ಅರ್ಧಕ್ಕೇ ಹೋಗಿ ಕೂತರು. ಯಾರಿಗೂ ಕಾರಣ ಹೇಳಲು ಬರುತ್ತಿರಲಿಲ್ಲ. ಕಾಲಿಗೆ ಹಿಡಿಯಲಿಲ್ಲ ಎಂದಷ್ಟೇ ಹೇಳಿದರು. ಎರಡು ಮಳೆಗಾಲ ಕಳೆಯುವುದರೊಳಗೆ ಬ್ಯಾಂಡು ಮುಗಿಯಿತು. ಲೀಡರ್ ಆಸ್ಟ್ರೇಲಿಯಕ್ಕೆ ಹೋದ, ತಂಗಿಗೆ ಮದುವೆಯಾಯಿತು.

ಎಪ್ಪತ್ತರ ದಶಕದ ಕೊನೆಗೆ ಬರುತ್ತೇನೆ. ಆಗ ಗಲ್ಫಿನಿಂದ ಬಂದವರೆಲ್ಲರ ಕೈಯಲ್ಲೂ ಕ್ಯಾಸೆಟ್ ರೆಕಾರ್ಡರ್. ಒಬ್ಬಾತ ಅಂಗಡಿಗೆ ಬಂದು, ಮಗಳ ಮದುವೆಯ ಹಾಡು ರೆಕಾರ್ಡ್ ಮಾಡಿದ್ದೇನೆ, ಎಲ್ಲರೂ ಇಲಿಗಳ ಹಾಗೆ ಹಾಡುತ್ತಾರೆ, ಹಾಡಿದವರ ತಪ್ಪೋ ಮಿಷನ್ನಿನ ತಪ್ಪೋ ಎಂದು ಕೇಳಿದ. ಸೆಲ್ಲು ಇಳಿದಿದ್ದಾಗ ರೆಕಾರ್ಡ್ ಮಾಡಿದ್ದೀರಿ, ಹಾಡಿದವರದ್ದೇನೂ ತಪ್ಪಿಲ್ಲ ಎಂದೆ. ಆತ ಸಮಾಧಾನದಿಂದ ಹೊರಟುಹೋದ. ನಾನು ಬೆಸುಗೆ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತೆ. ಗುರುತಿಲ್ಲದವನಿಗೆ ಅರ್ಧ ನಿಮಿಷದಲ್ಲಿ ಹೇಳಿದ ಮಾತು ಅದು.

ಮುಂದಿನ ಭಾನುವಾರ ಎರ್ನಾಕುಳಂ ಜೆಟ್ಟಿಯಿಂದ ವಲ್ಲಾರ್ಪಾಡದ ದೋಣಿ ಹತ್ತಿದೆ. ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಚೇಟ್ಟ ಮನೆಯ ಮುಂದೆ ಬಲೆಯ ಹರುಕು ನೋಡುತ್ತ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆಶಾನೇ ಎಂದು ಎದ್ದರು. ಇಷ್ಟು ದಿನ ಎಲ್ಲಿದ್ದೆ, ಮದುವೆಯಾಯಿತಾ, ಪೆಟ್ಟಿಗೆಗಳೆಲ್ಲ ಹೇಗಿವೆ ಎಂದು ಕೇಳಿದರು. ಅಂದಿನಿಂದ ಅವರು ಡ್ರಮ್ ಮುಟ್ಟಿರಲಿಲ್ಲವೆಂದು ಮಾತಿನ ನಡುವೆ ತಿಳಿಯಿತು. ಇಗರ್ಜಿಯ ಹಬ್ಬಕ್ಕೆ ಕರೆದರೂ ಹೋಗಲಿಲ್ಲವಂತೆ. ಚವಿಟ್ಟುನಾಟಕಕ್ಕೂ ಇಲ್ಲ. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ: ಮುಳ್ಳು, ಸೆಲ್ಲು, ಅರ್ಧ ಸ್ವರ, ನಾನು ಹೇಳಿದ “ಇಲ್ಲ”.

ಅವರು ಬಲೆಯನ್ನು ಕೆಳಗಿಟ್ಟರು. ಬೈಯುತ್ತಾರೆಂದು ಕಾದಿದ್ದೆ. ಅವರು ಕೇಳಿದ್ದು ಬೇರೆ.

“ಮೂರನೇ ಹಾಡಿನ ನಡುವೆ ಗಿಟಾರ್ ನಿಲ್ಲುತ್ತದೆ, ನಾನೊಬ್ಬನೇ ಎಂಟು ಎಣಿಕೆ ಬಾರಿಸುತ್ತೇನೆ. ಅದು?”

“ಅದೂ ಸರಿ ಇತ್ತು ಚೇಟ್ಟಾ.”

“ಅಲ್ಲೇ ಬಿದ್ದೆ ಅಂದುಕೊಂಡಿದ್ದೆ.” ಅವರ ದನಿ ಏರಲಿಲ್ಲ. “ಈ ಕಟ್ಟೆಗೆ ಕೆಲಸಕ್ಕೆ ನಡೆದು ಹೋಗುವಾಗಲೂ ಹೆಜ್ಜೆ ಎಣಿಸಿದ್ದೇನೆ ಕಣೋ, ಓಡುತ್ತಿದ್ದೇನಾ ಅಂತ. ನೆಟ್ಟಗೆ ನಡೆಯಲೂ ಹೆದರಿಕೆ.” ಒಳಗಿನ ಬಾಗಿಲ ಕಡೆ ಕೈ ತೋರಿಸಿದರು. “ನನಗೆ ಹೇಳಿದೆ, ಆಯಿತು. ಒಳಗೆ ಹೋಗಿ ಅವಳಿಗೆ ಹೇಳು. ಆ ದಿನ ಅವಳು ನನ್ನನ್ನು ನಂಬಿದಳು. ನಾನು ನಿನ್ನನ್ನು ನಂಬಿದೆ.”

ಚೇಚಿ ಅಡುಗೆಮನೆಯಲ್ಲಿ ಮೀನಿನ ಹುರುಪೆ ತೆಗೆಯುತ್ತಿದ್ದರು. ಪೂರ್ತಿ ಕೇಳಿದರು, ಕತ್ತಿ ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಕೈ ತೊಳೆದುಕೊಂಡು, ಗೂಡಿನಿಂದ ಒಂದು ಕಾಗದ ತಂದು ತೋರಿಸಿದರು. ಕಂಪನಿಯ ಆ ಪತ್ರ. ಲೀಡರ್ ದೇಶ ಬಿಡುವಾಗ ಚೇಟ್ಟ ಅದನ್ನು ಕೇಳಿ ತೆಗೆದುಕೊಂಡಿದ್ದರಂತೆ.

“ಇದರಲ್ಲಿ ಇವರು ತಾಳ ಕಾಯುವುದಿಲ್ಲ ಅಂತ ಬರೆದಿದೆ” ಎಂದರು ಚೇಚಿ. “ನೀವು ಬಾಯಲ್ಲಿ ಹೇಳಿ ಹೋಗುತ್ತೀರಿ. ನೀವೂ ಬರೆದುಕೊಡಿ. ಸಹಿ ಹಾಕಿ ಕೊಡಿ.”

ಬರೆದು ತರುತ್ತೇನೆ ಎಂದೆ. ಕಾಗದ ಪೆನ್ನು ಆ ಮನೆಯಲ್ಲೇ ಸಿಗುತ್ತಿತ್ತು. ಮಗಳು ಶಾಲೆಗೆ ಹೋಗುತ್ತಿದ್ದಳು. ಮಲಯಾಳ ನೆಟ್ಟಗೆ ಬರೆಯಲು ಬರುವುದಿಲ್ಲ, ಯಾರ ಕೈಲಾದರೂ ಬರೆಸಿ ತರುತ್ತೇನೆ ಎಂದೆ. ಅದು ನಿಜವೇ. ಆದರೆ ಬರೆಸಲು ಇನ್ನೊಬ್ಬರಿಗೆ ಹೇಳಬೇಕು. ಆ ಇನ್ನೊಬ್ಬರು ಸಿಗದೆ ಒಂದು ವರ್ಷ ಕಳೆಯಿತು, ಐದು ವರ್ಷ ಕಳೆಯಿತು, ಅಂಗಡಿ ನನ್ನದೇ ಆಯಿತು, ಮುಚ್ಚಿಯೂ ಹೋಯಿತು. ಚೇಟ್ಟ ತೀರಿಕೊಂಡ ಸುದ್ದಿ ಬೇಸಿನವನಿಂದ ತಿಳಿಯಿತು. ಮಣ್ಣಿಗೆ ಹೋಗಲಿಲ್ಲ. ಬರಿಗೈಯಲ್ಲಿ ಹೇಗೆ ಹೋಗುವುದು.

ಈಗ ನಾನು ತಿರುವನಂತಪುರದಲ್ಲಿ ಮಗಳ ಮನೆಯಲ್ಲಿದ್ದೇನೆ. ಕಳೆದ ತಿಂಗಳು ಮೊಮ್ಮಗಳನ್ನು ಕೂರಿಸಿಕೊಂಡು ಕನ್ನಡದಲ್ಲಿ ಹೇಳುತ್ತ ಹೋದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಮಾತು ಮಲಯಾಳ. ನಡುವೆ ಒಮ್ಮೆ ಪೆನ್ನು ಎತ್ತಿ ನನ್ನನ್ನು ನೋಡಿದಳು. ಮತ್ತೆ ಬರೆದಳು. ಒಂದು ಪುಟವಾಯಿತು. ಅಕ್ಷರ ಕೂಡಿಸಿ ಓದಿ ನೋಡಿ, ಕೆಳಗೆ ನನ್ನ ಸಹಿ ಹಾಕಿದೆ.

ವಲ್ಲಾರ್ಪಾಡಕ್ಕೆ ಈಗ ಸೇತುವೆ ಇದೆ. ಕಂಟೇನರ್ ಲಾರಿಗಳ ಸಾಲಿನ ಹಿಂದೆ ಆಟೋದಲ್ಲಿ ಹೋದೆ. ಚೇಚಿಗೆ ಎಂಬತ್ತು ದಾಟಿದೆ, ಕಣ್ಣು ಮಂದ. ನಾನು ಯಾರೆಂದು ಮಗಳು ಕಿವಿಯ ಹತ್ತಿರ ಬಾಗಿ ಹೇಳಬೇಕಾಯಿತು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಕೈ ಮುಂದೆ ಚಾಚಿದರು. ಕಾಗದ ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಮುಟ್ಟಿ ನೋಡಿ ಮಗಳ ಕೈಗೆ ದಾಟಿಸಿದರು. ಮಗಳು ನಿಂತುಕೊಂಡೇ ಜೋರಾಗಿ ಓದಿದಳು. ಆ ದಿನ ಗೋದಾಮಿನಲ್ಲಿ ನಾಲ್ಕು ಹಾಡುಗಳಲ್ಲಿ ಒಂದರಲ್ಲೂ ಅವರು ತಾಳ ತಪ್ಪಲಿಲ್ಲ, ತಪ್ಪಿದ್ದು ನನ್ನ ಮಿಷನ್, ಅದು ನನಗೆ ಆಗಲೇ ಗೊತ್ತಿತ್ತು ಎಂಬಲ್ಲಿಗೆ ಬಂದಾಗ ಅವಳ ದನಿ ಸಣ್ಣದಾಯಿತು. ಮುಗಿಸಿ ಕಾಗದ ಮಡಿಸಲು ಹೋದಳು.

ಚೇಚಿ ತಲೆ ಎತ್ತಲಿಲ್ಲ. “ಇನ್ನೊಮ್ಮೆ ಓದು ಮೋಳೇ” ಎಂದರು.